ಬಿಳಿ ಸೀಟು

"ಎಳದು ತಾ, ತಳ್ಳಿ ತಾ, ಬೇಕಾದ್ರ ಹೊತ್ತು ತಾ. ಕುಂತು ಮಾತ್ರ ತರಬ್ಯಾಡೋ ತಮ್ಮಾ," ಎಂದರು ಬಸಲಿಂಗವ್ವ.

ಶೂ ಲೇಸು ಕಟ್ಟುತ್ತಿದ್ದ ಅಭಿಜಿತ್ ತಲೆಯೆತ್ತಿ ನಕ್ಕುಬಿಟ್ಟ. "ಅಜ್ಜಿ, ಕಾರನ್ನ ನಿಂತ್ಕೊಂಡು ಓಡಿಸೋ ವಿದ್ಯೆ ನಂಗೆ ಬರಲ್ವಲ್ಲ!"

"ನಗಬ್ಯಾಡ. ನಾಲ್ಕು ಗಾಲಿ ಕೆಳಗ ನಾಲ್ಕು ನಿಂಬಿಹಣ್ಣ ಇಟ್ಟೀನಿ. ಒಡೀಬ್ಯಾಡ. ಕೈಲೆ ತಗದು ಅರಿವ್ಯಾಗ ಕಟ್ಟಿ ನನ್ನ ಕಡೆ ತಾ. ಕಟ್ಟಿ ಹಾಕಿದ್ದು ಅದರಾಗ ಐತಿ."

"ಏನ್ ಕಟ್ಟಿ ಹಾಕಿದೀರಿ? ಎಮ್ಮೇನಾ?"

ಬಸಲಿಂಗವ್ವ ನಡುಮನೆಯ ಕಡೆಗೊಮ್ಮೆ ನೋಡಿದರು. ಅಲ್ಲಿ ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಪಕ್ಕದ ಕುರ್ಚಿಯಲ್ಲಿ ಅವರ ಅಳಿಯ ಮಧುಸೂದನ್ ಕೂತಿದ್ದ. ಎರಡು ವರ್ಷದಿಂದ ಅವನು ಕೂತೇ ಇದ್ದ. ಸೊಂಟದಿಂದ ಕೆಳಗೆ ಎಲ್ಲ ಸರಿಯಾಗಿದೆ ಎಂದು ಸ್ಕ್ಯಾನುಗಳು ಹೇಳುತ್ತಿದ್ದವು. ಹೆಂಡತಿ ಕಲ್ಯಾಣಿ ಸ್ವತಃ ಡಾಕ್ಟರು. ಅವಳು ತೋರಿಸದ ತಜ್ಞರಿರಲಿಲ್ಲ. ಕಾಲು ಮಾತ್ರ ನೆಲಕ್ಕೆ ಊರಲಿಲ್ಲ. ಮಗಳಿಗೆ ಆಸರೆಯಾಗಲೆಂದು ಧಾರವಾಡದಿಂದ ಬಂದ ಬಸಲಿಂಗವ್ವ ಹಿಂತಿರುಗಿ ಹೋಗಿರಲಿಲ್ಲ.

ಅಭಿಜಿತ್ ಲಂಡನ್ನಿಗೆ ಬಂದು ಹನ್ನೊಂದು ತಿಂಗಳಾಗಿತ್ತು. ಮೊದಲ ಎರಡು ತಿಂಗಳು ಎಜ್‌ವೇರ್‌ನ ಈ ಮನೆಯ ಮೇಲಿನ ಕೋಣೆಯಲ್ಲೇ ಅವನೂ ಹೆಂಡತಿ ಬೃಂದಾಳೂ ಇದ್ದದ್ದು. ಬೃಂದಾಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು ಇದೇ ಬಸಲಿಂಗವ್ವ. ವೆಂಬ್ಲಿಯಲ್ಲಿ ಫ್ಲ್ಯಾಟ್ ಹುಡುಕಿಕೊಟ್ಟವನು ಮಧುಸೂದನ್. ಅಂಥ ಗೆಳೆಯ ಬಾಯಿಬಿಟ್ಟು ಕೇಳಿದ್ದು ಇದೊಂದೇ ಕೆಲಸ. ಹೇಸ್‌ನ ಗೋದಾಮುಗಳ ಹಿಂದಿನ ಬಾಡಿಗೆ ಗ್ಯಾರೇಜುಗಳನ್ನು ಸೋಮವಾರ ಕೆಡವುತ್ತಾರೆ. ಇವತ್ತು ಸಂಜೆ ಐದರೊಳಗೆ ಅಲ್ಲಿರುವ ತನ್ನ ಕಾರನ್ನು ತಂದುಕೊಡಬೇಕು. ಎಂಥ ಕಾರು! ಸಾವಿರದ ಒಂಬೈನೂರ ಎಪ್ಪತ್ತರ, ದೈತ್ಯ ಎಂಜಿನ್ನಿನ ಅಮೆರಿಕನ್ ಮಸಲ್ ಕಾರು. ತುಕ್ಕು ಹಿಡಿದ ಡಬ್ಬದಂತಿದ್ದದ್ದನ್ನು ಮಧುಸೂದನ್ ತನ್ನ ಗೆಳೆಯ ವರುಣ್ ಜತೆ ಸೇರಿ ಎಂಟು ವರ್ಷ ಭಾನುವಾರಗಳನ್ನೆಲ್ಲ ಸುರಿದು ಮತ್ತೆ ಕಟ್ಟಿದ್ದ. ವರುಣ್ ಈಗ ಇಲ್ಲ. ಕ್ಯಾನ್ಸರ್. ಇಷ್ಟು ಕತೆ ಅಭಿಜಿತ್‌ಗೆ ಗೊತ್ತಿತ್ತು.

"ಟ್ರಕ್ ಬರ್ತದ, ಹೇರಿಕೊಂಡು ಬರ್ತಾರ ಅಂತ ಕಲ್ಯಾಣಿ ಹೇಳಿದ್ಲಲ್ರೀ?" ಎಂದರು ಬಸಲಿಂಗವ್ವ ಅಳಿಯನಿಗೆ.

"ಬರಲ್ಲ ಅಂದ್ರು. ಭಾನುವಾರ ಅಲ್ವಾ. ಅತ್ತೆ, ಸಾಕು ಬಿಡಿ. ಅಭಿ, ಒಂದು ದಿನದ ಇನ್ಶೂರೆನ್ಸು ನಿನ್ನ ಹೆಸರಲ್ಲಿ ಮಾಡ್ಸಿದೀನಿ. ಹೊರಡು, ನಾಲ್ಕಕ್ಕೆಲ್ಲ ಕತ್ತಲಾಗತ್ತೆ."

ಕೀ ಕೊಡುವಾಗ ಮಧುಸೂದನ್‌ನ ಬೆರಳು ಕೀಯನ್ನು ಒಂದು ಗಳಿಗೆ ಹೆಚ್ಚೇ ಹಿಡಿದಿತ್ತು. ಅವನು ಅಭಿಜಿತ್‌ನ ಮುಖ ನೋಡಲಿಲ್ಲ.

ಹೇಸ್ ಸ್ಟೇಷನ್ನಿನಿಂದ ಅಭಿಜಿತ್ ನಡೆದುಕೊಂಡೇ ಹೋದ. ತಲೆಯ ಮೇಲೆ ಎರಡೆರಡು ನಿಮಿಷಕ್ಕೊಂದು ವಿಮಾನ ಮೋಡದೊಳಗೇ ಗುಡುಗಿ ಹೋಗುತ್ತಿತ್ತು. ಗ್ಯಾರೇಜುಗಳ ಸಾಲು ಆಗಲೇ ಹಾಳು ಬಿದ್ದಿತ್ತು. ಉಳಿದೆಲ್ಲ ಬಾಗಿಲುಗಳು ತೆರೆದು ಬಾಯಿಬಿಟ್ಟುಕೊಂಡಿದ್ದವು. ಹದಿನಾಲ್ಕನೆಯದು ಮಾತ್ರ ಮುಚ್ಚಿತ್ತು. ಶಟರ್ ಎತ್ತಿದಾಗ ಮೊದಲು ಹೊರಬಂದದ್ದು ವಾಸನೆ. ಹಳೆಯ ಪೆಟ್ರೋಲು, ರಬ್ಬರು, ಸುಟ್ಟ ಮೆಣಸಿನಕಾಯಿ. ಅವುಗಳಡಿಯಲ್ಲಿ ತೆಳ್ಳಗೆ ಇನ್ನೊಂದು ವಾಸನೆಯಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ಬೆಳಗಿನ ಹೊತ್ತು ಇರುವಂಥದು.

ಹೊದಿಕೆ ಎಳೆದ. ಕೆಂಪು ಕಾರು ಕತ್ತಲಲ್ಲಿ ಕಪ್ಪಗೆ ಹೊಳೆಯಿತು. ಸ್ಟೀರಿಂಗು ಎಡಗಡೆಗೆ. ಮುಂದಿನ ಸೀಟು ಬೆಂಚಿನಂತೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದನೆಯದು, ಹಾಲಿನಂಥ ಬಿಳಿ ಚರ್ಮದ್ದು. ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ.

ಬಗ್ಗಿ ಟೈರುಗಳ ಬುಡ ನೋಡಿದ. ನಾಲ್ಕು ನಿಂಬೆಹಣ್ಣು. ಎರಡು ವರ್ಷದ ಹಿಂದೆ ಇಟ್ಟವು ಒಣಗಿ ಕರಿ ಗೋಲಿಯಾಗಿರಬೇಕಿತ್ತು. ಇವು ಈಗಷ್ಟೇ ಕೊಯ್ದಂತೆ ಹಳದಿಯಾಗಿದ್ದವು. ಯಾರೋ ಬದಲಾಯಿಸುತ್ತಿರಬೇಕು ಎಂದುಕೊಂಡ. ಆ ಯಾರೋ ಯಾರೆಂದು ಯೋಚಿಸಲಿಲ್ಲ.

ಕೈಲೆ ತಗಿ ಎಂದಿದ್ದರು ಅಜ್ಜಿ. ಅಭಿಜಿತ್‌ಗೆ ನಗು ಬಂತು. ಅವನ ಮನೆಯಲ್ಲಿ ಆಯುಧಪೂಜೆಯ ದಿನ ಅಪ್ಪನ ಸ್ಕೂಟರಿನಿಂದ ಹಿಡಿದು ಪಕ್ಕದ ಮನೆಯ ಟೆಂಪೋವರೆಗೆ ಎಲ್ಲ ಗಾಡಿಗಳೂ ನಿಂಬೆಹಣ್ಣು ಹತ್ತಿಸಿಯೇ ಮುಂದೆ ಹೋಗುವುದು. ಹಣ್ಣು ಒಡೆದರೆ ದೃಷ್ಟಿ ಹೋಯಿತು ಎಂದು ಲೆಕ್ಕ. ಒಡೆಯದೆ ಗಾಡಿ ತೆಗೆದರೆ ಅಮ್ಮ ಬೈಯುತ್ತಿದ್ದಳು. ಪಾಪ, ಅಜ್ಜಿಗೆ ವಯಸ್ಸಾಗಿದೆ, ಶಾಸ್ತ್ರ ತಿರುಗಾಮುರುಗಾ ಆಗಿದೆ. ಅಮ್ಮನಿಗೆ ಕಳಿಸೋಣವೆಂದು ಫೋನನ್ನು ವಿಡಿಯೋಗೆ ಹಾಕಿ ಗೋಡೆಗೆ ಒರಗಿಸಿಟ್ಟ. ಬಾಗಿಲ ಹಿಡಿಗೆ ಸುತ್ತಿದ್ದ ಕರಿ ದಾರವನ್ನು ಹರಿದ. ಒಳಗೆ ಕೂತ.

ಸೀಟು ಬೆಚ್ಚಗಿತ್ತು. ಯಾರೋ ಈಗ ತಾನೇ ಎದ್ದು ಹೋದ ಹಾಗೆ.

ಬ್ಯಾಟರಿಗೆ ಕರೆಂಟು ಕೊಡಲೆಂದು ತಂದಿದ್ದ ಪೆಟ್ಟಿಗೆ ಚೀಲದಲ್ಲೇ ಉಳಿಯಿತು. ಕೀ ತಿರುಗಿಸಿದ್ದೇ ತಡ, ಎರಡು ವರ್ಷ ಸತ್ತು ಮಲಗಿದ್ದ ಎಂಜಿನ್ನು ಒಂದೇ ಉಸಿರಿಗೆ ಎದ್ದಿತು. ತಗಡಿನ ಛಾವಣಿ ನಡುಗಿತು. "ಬಾರೋ ರಾಜಾ," ಎಂದು ಅಭಿಜಿತ್ ಬ್ರೇಕು ಬಿಟ್ಟ.

ನಿಂಬೆಹಣ್ಣು ಒಡೆಯುವ ಸದ್ದು ಅವನಿಗೆ ಹುಟ್ಟಿದಾಗಿನಿಂದ ಪರಿಚಯ. ಇದು ಆ ಸದ್ದಲ್ಲ. ಬೆರಳ ಗೆಣ್ಣು ಮುರಿದಂಥ ಲಟಕ್ಕು. ನಾಲ್ಕು ಸಲ. ಫೋನು ತೆಗೆದುಕೊಳ್ಳಲು ಬಾಗಿಲಿಂದ ಕೈಚಾಚಿದಾಗ ಸಿಮೆಂಟು ನೆಲದ ಮೇಲೆ ರಸ ಹರಿದದ್ದು ಕಂಡಿತು. ಕಪ್ಪಗಿತ್ತು. ಎಣ್ಣೆ ಇರಬೇಕು ಎಂದುಕೊಂಡು ಬಾಗಿಲು ಎಳೆದುಕೊಂಡ.

ಮೊದಲ ಹತ್ತು ನಿಮಿಷ ಅವನಷ್ಟು ಸುಖಿ ಲಂಡನ್ನಿನಲ್ಲಿ ಇನ್ನೊಬ್ಬನಿರಲಿಲ್ಲ. ಎ-ಫಾರ್ಟಿ ರಸ್ತೆಯಲ್ಲಿ ಪಕ್ಕದ ಕಾರಿನವರು ಕಿಟಕಿ ಇಳಿಸಿ ಹೆಬ್ಬೆರಳು ತೋರಿಸಿದರು. ಮೂರೂವರೆಗೇ ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ತೆಳು ಮಳೆ ಹಿಡಿಯಿತು. ಹೀಟರು ಹಾಕಿದ. ಆಸ್ಪತ್ರೆಯ ವಾಸನೆ ಗಾಳಿಯ ಜತೆ ಒಳಕ್ಕೆ ಬಂತು. ಕಿಟಕಿ ಇಳಿಸಲು ನೋಡಿದ, ಹಿಡಿ ತಿರುಗಲಿಲ್ಲ. ಇರಲಿ, ಹಳೇ ಗಾಡಿ.

ಆಮೇಲೆ ಗಮನಕ್ಕೆ ಬಂದದ್ದು ಸಿಗ್ನಲ್ಲುಗಳು. ಎಲ್ಲ ಹಸಿರು. ಅವನು ಹತ್ತಿರ ಬಂದಂತೆ ಒಂದೊಂದೇ ಹಸಿರಾಗುತ್ತಿದ್ದವು. ಕಾರು ಎಲ್ಲೂ ನಿಲ್ಲಲಿಲ್ಲ.

ಹ್ಯಾಂಗರ್ ಲೇನ್ ಬಂತು. ಏಳೆಂಟು ಸಾಲು ಗಾಡಿಗಳು ಒಟ್ಟಿಗೆ ಸುತ್ತುವ ದೈತ್ಯ ವೃತ್ತ ಅದು. ನಡುವಿನ ದ್ವೀಪದಲ್ಲಿ ಟ್ಯೂಬ್ ರೈಲಿನ ಸ್ಟೇಷನ್ನು. ಜನ ಸುರಂಗದಲ್ಲಿ ನಡೆದು ಅಲ್ಲಿಗೆ ಹೋಗಬೇಕು. ಉತ್ತರಕ್ಕೆ ಹೋಗುವ ದಾರಿಗೆ ಎಡಕ್ಕೆ ತಿರುಗಿಸಲು ಹೋದ. ಸ್ಟೀರಿಂಗು ತಿರುಗಲಿಲ್ಲ. ಎರಡೂ ಕೈ ಹಾಕಿ ಎಳೆದ. ತಿರುಗಲಿಲ್ಲ. ದಾರಿ ತಪ್ಪಿತು. ಪರವಾಗಿಲ್ಲ, ಇನ್ನೊಂದು ಸುತ್ತು.

ಎರಡನೇ ಸುತ್ತಿನಲ್ಲೂ ತಿರುಗಲಿಲ್ಲ.

ಮೂರನೇ ಸುತ್ತಿನಲ್ಲಿ ಬ್ರೇಕು ತುಳಿದ. ತುಳಿದೆ ಎಂದುಕೊಂಡ. ಕೆಳಗೆ ನೋಡಿದರೆ ಕಾಲು ಎತ್ತಿರಲೇ ಇಲ್ಲ. ಕಾಲ್ಬೆರಳು ಗೊತ್ತಾಗುತ್ತಿಲ್ಲ. ಪಾದ ಗೊತ್ತಾಗುತ್ತಿಲ್ಲ. ತಣ್ಣನೆಯ ನೀರಿಗೆ ಇಳಿದಂತೆ ಮೀನಖಂಡದವರೆಗೆ ಏರಿಬಂದ ಜೋಮು ಮೊಣಕಾಲಿನಲ್ಲಿ ಒಂದು ಗಳಿಗೆ ನಿಂತು ಮತ್ತೆ ಏರತೊಡಗಿತು.

ಕಾರು ತಾನೇ ಸುತ್ತುತ್ತಿತ್ತು.

ಬಾಗಿಲ ಹಿಡಿ ಎಳೆದ. ಅದು ಕಿತ್ತು ಕೈಗೆ ಬಂತು. ಸೊಂಟದ ಬೆಲ್ಟು ಬಿಚ್ಚಿದ. ಬಿಚ್ಚಿತು. ಎದ್ದೇಳಲು ನೋಡಿದ. ತೊಡೆಯನ್ನು ಸೀಟು ಹಿಡಿದುಕೊಂಡಿತ್ತು. ಒದ್ದೆ ಬಟ್ಟೆ ಮೈಗೆ ಅಂಟುವ ಹಾಗೆ. ಪಕ್ಕದ ಸಾಲಿನ ಬಸ್ಸಿನಲ್ಲಿ ಒಂದು ಮಗು ಅವನನ್ನೇ ನೋಡುತ್ತಿತ್ತು. ಅವನು ಗಾಜಿಗೆ ಬಡಿದ. ಮಗು ಕೈಬೀಸಿತು. ಬಸ್ಸು ಹೋಯಿತು.

ಬೃಂದಾಗೆ ಫೋನು ಮಾಡಿದ. "ಬೃಂದಾ, ಹ್ಯಾಂಗರ್ ಲೇನ್‌ಗೆ ಬಾ. ಕಾರಿಂದ ಇಳಿಯಕ್ಕೆ ಆಗ್ತಿಲ್ಲ."

"ಕಾರು ನಿಲ್ಸಿದೀಯಾ?"

"ನಿಲ್ತಿಲ್ಲ ಕಣೇ. ಬೇಗ ಬಾ!"

"ಅಭಿ, ತಮಾಷೆ ಮಾಡ್ಬೇಡ." ಆಮೇಲೆ ಅವನ ಉಸಿರು ಕೇಳಿಸಿರಬೇಕು. "ಬಂದೆ. ಕ್ಯಾಬ್ ಸಿಗ್ತು. ಬಂದೆ ಇರು."

ಇನ್ನೊಂದು ಸುತ್ತು. ಇನ್ನೊಂದು. ಲೆಕ್ಕ ತಪ್ಪಿತು. ಕತ್ತಲು ಪೂರಾ ಇಳಿಯಿತು. ಬಲಗಡೆಯ ಖಾಲಿ ಸೀಟಿನಲ್ಲಿ ಯಾರೋ ಉಸಿರೆಳೆಯುತ್ತಿದ್ದರು. ಎಳೆದು, ತಡೆದು, ಮತ್ತೆ ಎಳೆದು. ಕೊಳವೆಯ ಮೂಲಕ ಹೋಗುವ ಉಸಿರು. ಅಭಿಜಿತ್ ಆ ಕಡೆ ತಿರುಗಲಿಲ್ಲ. ತಿರುಗುವುದಿಲ್ಲ ಎಂದು ಹಲ್ಲು ಕಚ್ಚಿದ. ಜೋಮು ಸೊಂಟ ಮುಟ್ಟಿತು.

ಮುಟ್ಟಿದ ಕೂಡಲೇ ಎಂಜಿನ್ನು ನಿಂತಿತು. ಕಾರು ಉರುಳಿ ಎಡಗಡೆಯ ಕಲ್ಲಂಚಿಗೆ ಒರಗಿ, ಅರ್ಧ ಫುಟ್‌ಪಾತಿನ ಮೇಲೇರಿ ಸುಮ್ಮನಾಯಿತು. ಕೆಲಸ ಮುಗಿಸಿದ ಹಾಗೆ.

ಫೋನು ಬಡಿದುಕೊಂಡಿತು. ಬಸಲಿಂಗವ್ವ. ದನಿ ಪಿಸುಗುಟ್ಟುತ್ತಿತ್ತು.

"ತಮ್ಮಾ, ಎಲ್ಲಿ ಅದೀಯೋ?"

"ಅಜ್ಜಿ..."

"ನಮ್ಮ ಅಳಿಯ ಎದ್ದು ನಿಂತಾನ." ಅವರು ಅಳುತ್ತಿದ್ದರು. "ಎರಡು ವರ್ಷದ ಮ್ಯಾಲ. ಮೆಟ್ಟಲಾ ಹತ್ತಾಕತ್ತಾನ, ಇಳ್ಯಾಕತ್ತಾನ, ಹುಚ್ಚನಂಗ ನಗಾಕತ್ತಾನ. ನೀ ಕುಂತಿಯಲ್ಲೋ?"

"ಕೂತೆ," ಎಂದ ಅಭಿಜಿತ್.

"ಹಣ್ಣ?"

"ಒಡೆದೆ."

ಬಸಲಿಂಗವ್ವ ಎಲ್ಲವನ್ನೂ ಹೇಳಿದರು. ಕಾರು ಸಿದ್ಧವಾದ ವಾರ ವರುಣ್ ಆಸ್ಪತ್ರೆಯಿಂದ ಬಂದಿದ್ದ. ಮೈಗೆ ಕೊಳವೆ, ಸೊಂಟಕ್ಕೆ ಚೀಲ. ಒಂದೇ ಒಂದು ಸಲ ಕೂತು ನೋಡುತ್ತೇನೆ ಎಂದು ಬೇಡಿಕೊಂಡಿದ್ದ. ಬಿಳಿ ಚರ್ಮ ಹೊಸದು, ಕಲೆಯಾದರೆ ಹೋಗುವುದಿಲ್ಲ, ಹುಷಾರಾದ ಮೇಲೆ ಕೂರುವೆಯಂತೆ ಎಂದಿದ್ದ ಮಧುಸೂದನ್. ಹನ್ನೊಂದು ದಿನಕ್ಕೆ ವರುಣ್ ಸತ್ತ. ಹದಿಮೂರನೇ ದಿನ ಅವನ ತಾಯಿ ಗ್ಯಾರೇಜಿಗೆ ಹೋಗಿ, ಮಗನ ಕೂದಲನ್ನು ಆ ಸೀಟಿನೊಳಗೆ ಹೊಲಿದು ಬಂದಳು. ನನ್ನ ಮಗ ಕೂರದ ಸೀಟಿನಲ್ಲಿ ಕೂತವರು ಏಳದಿರಲಿ ಎಂದಳು. ಮರುವಾರ ಮಧುಸೂದನ್ ಅದರಲ್ಲಿ ಕೂತ, ಮತ್ತೆ ಏಳಲಿಲ್ಲ; ಆಸರೆಗೆಂದು ಬಂದ ಬಸಲಿಂಗವ್ವನ ಎದುರಿಗೆ ಅವಳು ತಾನೇ ಇದನ್ನೆಲ್ಲ ಹೇಳಿದಳು. ಊರಿಗೆ ಹೋದ ತಿಂಗಳಲ್ಲಿ ಅವಳೂ ತೀರಿಕೊಂಡಳು, ಬಿಚ್ಚುವವರು ಉಳಿಯಲಿಲ್ಲ.

"ಸೀಟು ಖಾಲಿ ಇರೂದಿಲ್ಲ ತಮ್ಮಾ. ಇನ್ನೊಬ್ಬರು ಕುಂತ್ರ ಮೊದಲಿನಾವ ಏಳ್ತಾನ. ಅದು ಹೊರಗಿನವರನ್ನ ಹಿಡೀಬಾರದಂತ ನಾ ನಿಂಬಿಹಣ್ಣಾಗ ಕಟ್ಟಿದ್ದೆ. ಟ್ರಕ್ ಬ್ಯಾಡಂದಾವ ನಮ್ಮ ಅಳಿಯನ ಅಂತ ಈಗ ಗೊತ್ತಾತು. ಕ್ಷಮಿಸು ಅನ್ನಾಕೂ ನನಗ ಬಾಯಿಲ್ಲ."

"ಇನ್ನೊಬ್ಬರು ಕೂತ್ರೆ..." ಎಂದ ಅಭಿಜಿತ್. ಬೃಂದಾ ಬರುತ್ತಿದ್ದಳು.

ಫೋನು ಮಾಡಿದ. ಸಿಗಲಿಲ್ಲ. ಮತ್ತೆ ಮಾಡಿದ. ಸಿಗಲಿಲ್ಲ. ಕ್ಯಾಬಿನವನು ವೃತ್ತದ ಆಚೆ ಇಳಿಸಿರಬೇಕು. ಸುರಂಗದಲ್ಲಿರಬೇಕು. ಅಷ್ಟರಲ್ಲಿ ಮಳೆಯಲ್ಲಿ ತೋಯ್ದ ಹಳದಿ ಕೋಟು ಫುಟ್‌ಪಾತಿನ ಮೇಲೆ ಓಡಿ ಬರುತ್ತಿರುವುದು ಕಂಡಿತು.

ಬೃಂದಾ ಎಡಬಾಗಿಲು ಜಗ್ಗಿದಳು. ಬರಲಿಲ್ಲ. ಗಾಜಿಗೆ ಮುಖ ಒತ್ತಿ ಏನೋ ಕೂಗಿದಳು. "ಬೇಡ! ಕೂರ್ಬೇಡ!" ಎಂದು ಅವನು ಕಿರುಚಿದ. ರಸ್ತೆಯ ಗದ್ದಲದಲ್ಲಿ ಅದು ಅವಳಿಗೆ ಕೇಳಲಿಲ್ಲ. ಅವಳು ಕಾರಿನ ಮುಂದಿನಿಂದ ಸುತ್ತಿ ಬಲಗಡೆಗೆ ಓಡಿದಳು.

ಬಲಬಾಗಿಲ ಬೀಗದ ಗುಬುಟು ಮೇಲೆದ್ದು ನಿಂತಿತ್ತು. ಅದನ್ನು ಒತ್ತಿದರೆ ಬೀಗ.

ಅಭಿಜಿತ್ ಸ್ಟೀರಿಂಗು ಹಿಡಿದು ಮೈಯನ್ನು ಎಳೆದ. ಸೊಂಟದ ಕೆಳಗಿನದು ಬರಲಿಲ್ಲ. ಮೇಲಿನದನ್ನು ಮಾತ್ರ ಬಿಳಿ ಸೀಟಿನ ಮೇಲೆ ಉದ್ದಕ್ಕೆ ಚಾಚಿದ. ಆ ಉಸಿರಿನ ಮೇಲೆಯೇ ಮಲಗಿದ. ಕೆನ್ನೆಗೆ ತಣ್ಣಗೇನೋ ತಾಗಿತು. ಕಣ್ಣು ಮುಚ್ಚಿದ. ಕೈ ಚಾಚಿದ. ಒಂದು ಗೇಣು. ನಾಲ್ಕು ಬೆರಳು. ಎರಡು. ಬೃಂದಾಳ ಕೈ ಹೊರಗಿನ ಹಿಡಿಯ ಮೇಲಿತ್ತು.

ಒತ್ತಿದ.

ಬೃಂದಾ ಹಿಡಿ ಜಗ್ಗಿದಳು. ಬಾಗಿಲು ಬರಲಿಲ್ಲ.

ಆಗ ಗುಬುಟು ಅವನ ಬೆರಳಿನಡಿಯಲ್ಲಿ ಮೇಲಕ್ಕೆ ಒತ್ತತೊಡಗಿತು. ನಿಧಾನಕ್ಕೆ. ಒಳಗಿನಿಂದ. ಇನ್ನೊಂದು ಹೆಬ್ಬೆರಳು ಕೆಳಗಿನಿಂದ ನೂಕುವ ಹಾಗೆ. ಅವನು ಅಂಗೈ ಊರಿದ. ಅದು ನೂಕಿತು. ಅವನು ಬಿಡಲಿಲ್ಲ. ಗಾಜಿನಾಚೆ ಬೃಂದಾ ಅಳುತ್ತ ಬೈಯುತ್ತಿದ್ದಳು. ಅವಳು ಕರೆಸಿದ ಅಗ್ನಿಶಾಮಕದವರು ಬರುವವರೆಗೆ ಮೂವತ್ತೈದು ನಿಮಿಷ. ಅವನ ಅಂಗೈಯಿಂದ ರಕ್ತ ಇಳಿದು ಬಿಳಿ ಚರ್ಮದ ಮೇಲೆ ಹರಡಿತು. ಮೊದಲ ಕಲೆ.

ಅವರು ಎಡಬಾಗಿಲನ್ನು ಕತ್ತರಿಸಿದರು. ಒಬ್ಬನೂ ಒಳಗೆ ಕಾಲಿಡಕೂಡದು ಎಂದು ಅಭಿಜಿತ್ ಅರಚಿದ ಅರಚಾಟಕ್ಕೆ ಹೊರಗಿನಿಂದಲೇ ಕಂಕುಳಿಗೆ ಕೈಹಾಕಿ ಎತ್ತಿದರು. ಸ್ಟ್ರೆಚರಿನ ಮೇಲೆ ಮಲಗಿಸಿದಾಗಲೂ ಅವನ ಮೊಣಕಾಲು ಮಡಿಸಿಕೊಂಡೇ ಇದ್ದವು. ಕೂತ ಹಾಗೆ.

ಆರು ವಾರವಾಯಿತು. ಸ್ಕ್ಯಾನುಗಳಲ್ಲಿ ಎಲ್ಲ ಸರಿಯಾಗಿತ್ತು. ವೆಂಬ್ಲಿಯ ಐದನೇ ಮಹಡಿಯ ಕಿಟಕಿಯ ಪಕ್ಕ ಒಂದು ಗಾಲಿಕುರ್ಚಿ ಬಂತು.

ಒಂದು ಸಂಜೆ ಮಧುಸೂದನ್ ಬಂದ. ಲಿಫ್ಟಿದ್ದರೂ ಮೆಟ್ಟಿಲು ಹತ್ತಿಯೇ ಬಂದಿದ್ದ, ಹಣೆಯಲ್ಲಿ ಬೆವರಿತ್ತು. ಇದ್ದಷ್ಟು ಹೊತ್ತೂ ನಿಂತೇ ಇದ್ದ. ಕಾರಿನ ದಾಖಲೆ ಪತ್ರವನ್ನು ಅಭಿಜಿತ್‌ನ ಹೆಸರಿಗೆ ಬರೆದು ತಂದಿದ್ದ.

"ಕ್ಷಮಿಸು ಅನ್ನಕ್ಕೆ ಬಂದಿಲ್ಲ. ಅದಕ್ಕೆ ಅರ್ಹತೆ ಇಲ್ಲ ನಂಗೆ. ಕಲ್ಯಾಣಿ ಮಾತು ಬಿಟ್ಟಿದಾಳೆ. ಕಾರು ಪೊಲೀಸ್ ಯಾರ್ಡಲ್ಲಿದೆ. ನಿನ್ನದು ಈಗ. ನಿಮ್ಮ ಆಫೀಸಿಗೆ ಯಾರೋ ಹೊಸ ಹುಡುಗ ಬಂದಿದಾನಂತಲ್ಲ, ಋಷಿಕೇಶ್. ಕಾರು ಅಂದ್ರೆ ಪ್ರಾಣವಂತೆ..."

"ಹೊರಗೆ ಹೋಗಿ," ಎಂದಳು ಬೃಂದಾ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಅಭಿಜಿತ್ ಹಿಂದೆ ಕೇಳಿರಲಿಲ್ಲ.

ಆ ರಾತ್ರಿ ಊಟ ಬಡಿಸುತ್ತ ಅವಳು ಕೇಳಿದಳು, "ಅಜ್ಜಿ ಹೇಳಿದ್ದು ನಿಜಾನಾ? ಯಾರಾದ್ರೂ ಕೂತ್ರೆ ನೀನು ಏಳ್ತೀಯಾ?"

"ಹೂಂ."

"ಹಾಗಾದ್ರೆ ಆರು ತಿಂಗಳು ನಾನು, ಆರು ತಿಂಗಳು ನೀನು. ನಂಗೆ ಹೇಗೂ ವರ್ಕ್ ಫ್ರಮ್ ಹೋಮ್."

"ಹುಚ್ಚು ಹಿಡಿದಿದ್ಯಾ?"

"ಪಾತ್ರೆ ತೊಳೆಯೋದು ಹಂಚ್ಕೊಂಡಿಲ್ವಾ? ಇದೂ ಹಾಗೇ."

"ಬೇಡ ಅಂದ್ನಲ್ಲ ಬೃಂದಾ."

"ಸರಿ ಬಿಡು," ಎಂದು ಅವಳು ಸಾರು ಬಡಿಸಿದಳು. ಅಷ್ಟು ಸುಲಭಕ್ಕೆ ಅವಳು ಸರಿ ಬಿಡು ಎಂದವಳಲ್ಲ. ಅದಕ್ಕೇ ಮರುದಿನ ಅವನು ಮನೆಯ ಟ್ಯಾಬಿನಲ್ಲಿ ಅವಳ ಬುಕಿಂಗುಗಳನ್ನು ತೆಗೆದು ನೋಡಿದ. ಶನಿವಾರ ಒಂಬತ್ತಕ್ಕೆ ಕ್ಯಾಬು. ಇಳಿಯುವ ಜಾಗ, ಪೊಲೀಸ್ ಯಾರ್ಡು.

ಅಭಿಜಿತ್ ಇಡೀ ಮಧ್ಯಾಹ್ನ ಕಿಟಕಿಯಾಚೆ ನೋಡುತ್ತ ಕೂತ. ಕೆಳಗೆ ಜನ ನಡೆಯುತ್ತಿದ್ದರು. ಎಷ್ಟೊಂದು ಜನ, ಎಷ್ಟು ಬೇಜವಾಬ್ದಾರಿಯಿಂದ ನಡೆಯುತ್ತಾರೆ ಎನ್ನಿಸಿತು. ಅವಳನ್ನು ಇವತ್ತು ತಡೆಯಬಹುದು. ಬರುವ ತಿಂಗಳು? ಅವನು ನಿದ್ದೆಯಲ್ಲಿರುವಾಗ? ಬಸಲಿಂಗವ್ವನಿಗೆ ಫೋನು ಮಾಡಿ ಒಂದೇ ಮಾತು ಕೇಳಿದ: "ಸೀಟೇ ಇಲ್ಲದ ಹಾಗಾದ್ರೆ?"

"ಯಾರೂ ಕೂಡೂದಿಲ್ಲ," ಎಂದರು ಅವರು. ತಡೆದು ಹೇಳಿದರು, "ನೀನೂ ಏಳೂದಿಲ್ಲ ತಮ್ಮಾ. ಎಂದೂ."

ಯಾರ್ಡಿನವರು ಒಂದು ಫಾರಂ ಕಳಿಸಿದರು. ಕಾರು ಬೇಕೇ, ನಾಶ ಮಾಡಬೇಕೇ. ಶನಿವಾರ ಬೆಳಿಗ್ಗೆ ಎಂಟಕ್ಕೆ ಈ ವಾರದ ಗಾಡಿಗಳನ್ನು ಯಂತ್ರಕ್ಕೆ ಹಾಕುತ್ತಾರೆ. ಅವನು ಸಹಿ ಮಾಡಿದ.

ಶನಿವಾರ ಎಂಟೂಕಾಲಿಗೆ ಬೃಂದಾ ಸ್ನಾನಕ್ಕೆ ಹೋಗಿದ್ದಳು. ಅವನ ಅಂಗಾಲು ಜುಮ್ಮೆಂದಿತು. ಆರು ವಾರದಲ್ಲಿ ಮೊದಲ ಸಲ. ಬೆಂಕಿ ತುಳಿದಂತೆ ಉರಿ, ಹಿಂದೆಯೇ ಬಿಸಿ ರಕ್ತ ನುಗ್ಗಿ ಬಂದಂತೆ ಮೊಣಕಾಲಿನವರೆಗೆ ಜೀವ. ಬೆರಳು ಅಲುಗಾಡಿತು. ಅವನು ಕುರ್ಚಿಯ ಕೈ ಹಿಡಿದು ಎದ್ದೇಬಿಟ್ಟೆ ಎಂದುಕೊಂಡ. ಕಿವಿಯೊಳಗೆಲ್ಲೋ ತಗಡು ಕಿರುಚಿತು. ಗಾಜು ಪುಡಿಯಾಯಿತು. ಕೊಳವೆಯ ಉಸಿರು ಒಮ್ಮೆ ಉದ್ದಕ್ಕೆ ಎಳೆದು, ಮತ್ತೆ ಎಳೆಯಲಿಲ್ಲ.

ಬೆರಳು ನಿಂತಿತು. ಉರಿ ಆರಿತು. ಪಾದ ಹೋಯಿತು.

ಅವನು ಕೆಳಗೆ ನೋಡಿದ. ಅವಳು ಹೊರಬರುವಷ್ಟರಲ್ಲಿ ಮುಖ ಒರೆಸಿಕೊಂಡ. "ಈಲಿಂಗ್ ರೋಡಿಗೆ ಹೋಗ್ಬರ್ತೀನಿ, ತರಕಾರಿ ಇಲ್ಲ," ಎಂದಳು. "ಹುಷಾರಾಗಿ ಹೋಗ್ಬಾ," ಎಂದ.

ಹತ್ತಕ್ಕೆ ಐದು ನಿಮಿಷವಿದ್ದಾಗ ಫೋನು ಬಂತು. ಗಾಳಿ, ಲಾರಿಗಳ ಸದ್ದು, ಅವಳ ಬಿಕ್ಕು.

"ಕಾರು ಇಲ್ವಂತೆ ಅಭಿ. ನೀನೇ ಸಹಿ ಮಾಡಿದೀಯಂತೆ."

"ಹೌದು."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅವಳು ತುಂಬ ಹೊತ್ತು ಅತ್ತಳು. ಅವನು ಫೋನು ಕಿವಿಯಿಂದ ತೆಗೆಯಲಿಲ್ಲ.

"ಕ್ಯಾಬ್ ಎಷ್ಟೊತ್ತಿಗೆ ಬರತ್ತೆ?" ಎಂದು ಕೇಳಿದ ಕೊನೆಗೆ.

"ಇಪ್ಪತ್ತು ನಿಮಿಷ."

"ಅಲ್ಲಿವರೆಗೂ ನಿಂತಿರ್ಬೇಡ, ಸುಸ್ತಾಗಿದೀಯ," ಎಂದ ಅಭಿಜಿತ್. "ಎಲ್ಲಾದ್ರೂ ಸ್ವಲ್ಪ ಕೂತ್ಕೋ."